ಮುದ್ರೆಯ ಮೇಲಿನ ಮಾತು ಯಾರದು?

1996ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಗವರ್ನರ್ ಜಾರ್ಜ್ ವೊಯಿನೊವಿಚ್ ಭಾರತ ಪ್ರವಾಸಕ್ಕೆ ಬಂದಿದ್ದರು. ಇಲ್ಲೊಂದು ಸರ್ಕಾರಿ ಕಟ್ಟಡದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆದಿರುವುದು ಅವರ ಕಣ್ಣಿಗೆ ಬಿತ್ತು, ಮನಸ್ಸಿಗೂ ನಾಟಿತು. ಆ ಮಾತನ್ನು ಹಣೆಯ ಮೇಲೆ ಹೊತ್ತ ಕಟ್ಟಡ ಯಾವುದೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಕೆಂಗಲ್ ಹನುಮಂತಯ್ಯನವರ ಹಟದಿಂದ ಮೇಲೆದ್ದು 1956ರಲ್ಲಿ ಪೂರ್ಣಗೊಂಡ ವಿಧಾನಸೌಧದ ಮುಂಭಾಗದಲ್ಲಿ ಅದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇದೆ. ಊರಿಗೆ ಮರಳಿದ ಗವರ್ನರ್, ತಮ್ಮ ರಾಜಧಾನಿ ಕೊಲಂಬಸ್‌ನ ಶಾಸನಸಭಾ ಭವನದ ಅಂಗಳದಲ್ಲೂ ರಾಜ್ಯದ ಧ್ಯೇಯವಾಕ್ಯವನ್ನು ಹೀಗೆಯೇ ದೊಡ್ಡ ಅಕ್ಷರಗಳಲ್ಲಿ ಕೂರಿಸೋಣ ಎಂದು ಸಲಹೆ ಕೊಟ್ಟರು. ಒಹಾಯೊದ ಧ್ಯೇಯವಾಕ್ಯ ‘ದೇವರಿಗೆ ಎಲ್ಲವೂ ಸಾಧ್ಯ’. ಅದನ್ನು ರಾಜ್ಯಕ್ಕೆ ದೊರಕಿಸಿಕೊಟ್ಟವನು ಸಿನ್ಸಿನಾಟಿಯ ಒಬ್ಬ ಶಾಲಾ ಹುಡುಗ. ನಮ್ಮ ರಾಜ್ಯಕ್ಕೆ ಧ್ಯೇಯವಾಕ್ಯವೇ ಇಲ್ಲವಲ್ಲ ಎಂದು ಕೊರಗಿ, ಊರೆಲ್ಲ ತಿರುಗಿ ಸಹಿ ಸಂಗ್ರಹಿಸಿ, ಶಾಸನಸಭೆಯ ಬಾಗಿಲು ತಟ್ಟಿದ. 1959ರಲ್ಲಿ ಅವನ ಆಸೆ ಕಾನೂನಾಯಿತು.

ಅಂಗಳದಲ್ಲಿ ಕಂಚಿನ ಅಕ್ಷರಗಳು ಕೂತ ಮೇಲೆ ಮೊಕದ್ದಮೆ ಹುಟ್ಟಿತು. ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಎಂಬ ಹಕ್ಕುಗಳ ಸಂಘಟನೆಯ ಜೊತೆಗೆ ಕೋರ್ಟಿಗೆ ಹೋದವರು ಒಬ್ಬ ಕ್ರೈಸ್ತ ಪಾದ್ರಿ! ಅದು ಯೇಸುವಿನ ಮಾತು, ಮತ್ತಾಯನ ಸುವಾರ್ತೆಯಲ್ಲಿ ಬರುವಂಥದು. ಅದನ್ನು ತನ್ನ ಹೆಗ್ಗಳಿಕೆಗೆ ಬಳಸಲು ಸರ್ಕಾರ ಯಾರು ಎಂಬುದು ಈ ಬಗೆಯ ತಕರಾರಿನ ತಿರುಳು. 2000ದಲ್ಲಿ ಮೇಲ್ಮನವಿ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ, ಇದು ಸಂವಿಧಾನಕ್ಕೆ ವಿರುದ್ಧ ಎಂದಿತು. ಮರುವರ್ಷ ಅದೇ ನ್ಯಾಯಾಲಯದ ಪೂರ್ಣ ಪೀಠ ಆ ತೀರ್ಪನ್ನು ತಿರುವಿ, ಇರಬಹುದು ಎಂದಿತು. ಅಕ್ಷರಗಳು ಇಂದಿಗೂ ಅಲ್ಲಿವೆ.

ಬೆಂಗಳೂರಿನಲ್ಲಿ ಕಂಡ ಒಂದು ಸಾಲು ಹದಿನಾಲ್ಕು ಸಾವಿರ ಕಿಲೋಮೀಟರ್ ಆಚೆಗೆ ಹೋಗಿ ವ್ಯಾಜ್ಯವಾದ ಈ ಕತೆ, ರಾಜ್ಯಗಳ ಧ್ಯೇಯವಾಕ್ಯಗಳ ಬಗ್ಗೆ ಒಂದು ದೊಡ್ಡ ಪ್ರಶ್ನೆಯನ್ನು ಎತ್ತುತ್ತದೆ. ಒಂದು ಸರ್ಕಾರ ತನ್ನ ಮುದ್ರೆಯ ಮೇಲೆ ಬರೆದುಕೊಂಡ ಮಾತಿಗೆ ಅರ್ಥ ತುಂಬುವವರು ಯಾರು? ಆರಿಸಿದ ಸಮಿತಿಯೇ, ಅಂಗೀಕರಿಸಿದ ಶಾಸಕರೇ, ಅಥವಾ ಆ ಮಾತನ್ನು ನಿಜವೆಂದು ನಂಬಿ ಅದರ ಮೇಲೆ ತಮ್ಮ ಬದುಕನ್ನು ಪಣವಿಟ್ಟವರೇ? ಅಮೆರಿಕದ 50 ರಾಜ್ಯಗಳ ಮುದ್ರೆಗಳ ಇತಿಹಾಸ ಓದುತ್ತಾ ಹೋದಂತೆ ನನಗೆ ಮೂರನೆಯವರೇ ಎನ್ನುವುದು ಗಟ್ಟಿಯಾಗುತ್ತ ಬಂದಿದೆ.

ಎಲ್ಲ ಧ್ಯೇಯವಾಕ್ಯಗಳ ಹಿಂದೆಯೂ ಕದನವಿಲ್ಲ. ಕೆಲವು ಬರೀ ಸಂತೋಷದ ಮಾತುಗಳು. ಲಂಡನ್ನಿನ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ನಲ್ಲಿ ಅದನ್ನು ಕಟ್ಟಿದ ಕ್ರಿಸ್ಟೊಫರ್ ರೆನ್‌ನ ಸಮಾಧಿಯಿದೆ; ಸ್ಮಾರಕ ಬೇಕಿದ್ದರೆ ಸುತ್ತ ಕಣ್ಣು ಹಾಯಿಸು ಎಂಬರ್ಥದ ಲ್ಯಾಟಿನ್ ಬರಹ ಅಲ್ಲಿದೆ. ಅದನ್ನೇ ತುಸು ತಿರುಗಿಸಿ ಲೂಯಿಸ್ ಕ್ಯಾಸ್ ಎಂಬ ರಾಜಕಾರಣಿ 1835ರಲ್ಲಿ ಮಿಷಿಗನ್ನಿಗೆ ಕೊಟ್ಟರು: ಚೆಲುವಾದ ಪರ್ಯಾಯ ದ್ವೀಪ ಬೇಕಿದ್ದರೆ ಸುತ್ತ ನೋಡು. ಸರೋವರಗಳು ಸುತ್ತುವರಿದ ಆ ನಾಡಿಗೆ ಇದಕ್ಕಿಂತ ಒಪ್ಪುವ ಮಾತು ಸಿಕ್ಕದು. ಕ್ಯಾಲಿಫೋರ್ನಿಯಾದ್ದು ಗ್ರೀಕ್‌ನ ‘ಯುರೇಕಾ’, ಸಿಕ್ಕಿತು! 1848ರಲ್ಲಿ ಅಲ್ಲಿ ಚಿನ್ನ ಸಿಕ್ಕಿತ್ತು, ಮರುವರ್ಷವೇ ಆ ಪದ ಮುದ್ರೆಗೆ ಹತ್ತಿತು. ಮೊಂಟಾನಾದ್ದು ಇನ್ನೂ ನೇರ, ಸ್ಪ್ಯಾನಿಷ್‌ನಲ್ಲಿ ‘ಓರೊ ಇ ಪ್ಲಾಟಾ’, ಚಿನ್ನ ಮತ್ತು ಬೆಳ್ಳಿ. ಸಾವಿರಾರು ಕನ್ನಡಿಗ ಎಂಜಿನಿಯರುಗಳು ನೆಲೆಸಿರುವ ವಾಷಿಂಗ್ಟನ್ ರಾಜ್ಯದ ‘ಆಲ್ಕಿ’ ಎಂಬ ಪದ ಚಿನೂಕ್ ಜಾರ್ಗನ್ ಎಂಬ ವ್ಯಾಪಾರಿ ಭಾಷೆಯದು. ಅರ್ಥ, ಮುಂದೊಂದು ದಿನ. 1851ರಲ್ಲಿ ಈಗಿನ ಸಿಯಾಟಲ್‌ನ ದಡಕ್ಕೆ ಬಂದಿಳಿದ ಬೆರಳೆಣಿಕೆಯ ವಲಸಿಗರು ತಮ್ಮ ಗುಡಿಸಲುಗಳ ಊರಿಗೆ ‘ನ್ಯೂಯಾರ್ಕ್ ಆಲ್ಕಿ’ ಎಂದು ಹೆಸರಿಟ್ಟರು. ಇವತ್ತಲ್ಲದಿದ್ದರೆ ನಾಳೆಯಾದರೂ ನ್ಯೂಯಾರ್ಕ್ ಆದೇವು ಎಂಬ ಆಸೆ.

ಆದರೆ ಹೆಚ್ಚಿನವು ಜಗಳದ ಹೊತ್ತಿನಲ್ಲಿ ಹುಟ್ಟಿದ ಮಾತುಗಳು.

ವರ್ಜೀನಿಯಾವನ್ನು ನೋಡಿ. 1776ರ ಜುಲೈ ಮೊದಲ ವಾರ, ಬ್ರಿಟಿಷ್ ದೊರೆಯ ಹಂಗು ಹರಿದುಕೊಂಡ ಆ ವಸಾಹತಿಗೆ ಹೊಸ ಮುದ್ರೆ ಬೇಕಾಯಿತು. ಅದರ ಕಲ್ಪನೆ ಜಾರ್ಜ್ ವಿಥ್ ಎಂಬ ಕಾನೂನು ಪಂಡಿತರದು ಎನ್ನುತ್ತಾರೆ. ಥಾಮಸ್ ಜೆಫರ್ಸನ್‌ಗೆ ಕಾನೂನು ಕಲಿಸಿದ ಗುರು ಅವರು. ಮುದ್ರೆಯಲ್ಲಿ ಸದ್ಗುಣವೆಂಬ ದೇವಿ ಈಟಿ ಹಿಡಿದು, ನೆಲಕ್ಕುರುಳಿದ ದಬ್ಬಾಳಿಕೆಗಾರನ ಎದೆಯ ಮೇಲೆ ಕಾಲಿಟ್ಟಿದ್ದಾಳೆ. ಅವನ ಕಿರೀಟ ಬದಿಗೆ ಬಿದ್ದಿದೆ. ಕೆಳಗೆ ‘ಸಿಕ್ ಸೆಂಪರ್ ತಿರಾನಿಸ್’, ದಬ್ಬಾಳಿಕೆಗಾರರಿಗೆ ಎಂದೆಂದಿಗೂ ಇದೇ ಗತಿ. ನಮ್ಮ ಮಹಿಷಮರ್ದಿನಿಯ ಚಿತ್ರ ಕಂಡವರಿಗೆ ಇದು ಅಪರಿಚಿತ ಅನ್ನಿಸದು.

ಆ ಮಾತನ್ನು ಇಡೀ ಲೋಕಕ್ಕೆ ಕೇಳಿಸಿದವನು ಒಬ್ಬ ಕೊಲೆಗಾರ. 1865ರ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್ನಿನ ಫೋರ್ಡ್ಸ್ ರಂಗಮಂದಿರದಲ್ಲಿ ಅಬ್ರಹಾಂ ಲಿಂಕನ್‌ಗೆ ಗುಂಡಿಟ್ಟ ನಟ ಜಾನ್ ವಿಲ್ಕ್ಸ್ ಬೂತ್, ವರ್ಜೀನಿಯಾದ ಧ್ಯೇಯವಾಕ್ಯವನ್ನು ಕೂಗಿದೆನೆಂದು ತನ್ನ ದಿನಚರಿಯಲ್ಲೇ ಬರೆದುಕೊಂಡಿದ್ದಾನೆ. ಅವನ ಕಣ್ಣಿಗೆ ಗುಲಾಮರನ್ನು ಬಿಡಿಸಿದವನೇ ದಬ್ಬಾಳಿಕೆಗಾರ! ಅವನ ಅಪ್ಪನ ಹೆಸರು ಜೂನಿಯಸ್ ಬ್ರೂಟಸ್ ಬೂತ್. ಸೀಸರನನ್ನು ಕೊಂದ ಬ್ರೂಟಸ್ ಆಡಿದ ಮಾತದು ಎಂಬ ಐತಿಹ್ಯವನ್ನು ಮನೆಯಲ್ಲೇ ಉಂಡು ಬೆಳೆದವನು ಆತ.

ಎಲ್ಲರೂ ಬೂತ್‌ನ ಕತೆ ಹೇಳುತ್ತಾರೆ. ನನಗೆ ಅದಕ್ಕಿಂತ ಕಾಡುವುದು ವಿಥ್ ಅವರ ಸಾವು. ಇಳಿವಯಸ್ಸಿನಲ್ಲಿ ತಮ್ಮ ಮನೆಯ ಗುಲಾಮರನ್ನು ಬಿಡುಗಡೆ ಮಾಡಿದ್ದ ಅವರ ಜೊತೆ ಲಿಡಿಯಾ ಬ್ರಾಡ್‌ನ್ಯಾಕ್ಸ್ ಎಂಬ ಸ್ವತಂತ್ರ ಕಪ್ಪು ಮಹಿಳೆ ಅಡುಗೆ ನೋಡಿಕೊಂಡಿದ್ದರು. 1806ರಲ್ಲಿ ಆಸ್ತಿಯ ಆಸೆಗೆ ಬಿದ್ದ ಮೊಮ್ಮಗನ ವರಸೆಯ ಹುಡುಗನೊಬ್ಬ ಕಾಫಿಗೆ ಪಾಷಾಣ ಬೆರೆಸಿದ ಎಂಬ ಆರೋಪ ಬಂತು. ವಿಥ್ ತೀರಿಕೊಂಡರು. ಕಾಫಿ ಪಾತ್ರೆಯ ಹತ್ತಿರ ಅವನನ್ನು ಕಂಡಿದ್ದು ಲಿಡಿಯಾ. ಆದರೆ ಬಿಳಿಯರ ವಿರುದ್ಧ ಕರಿಯರು ಸಾಕ್ಷಿ ಹೇಳುವಂತಿಲ್ಲ ಎಂಬುದು ವರ್ಜೀನಿಯಾದ ಕಾನೂನು. ಆರೋಪಿ ಪಾರಾದ. ದಬ್ಬಾಳಿಕೆಗೆ ಎಂದೆಂದಿಗೂ ಇದೇ ಗತಿ ಎಂದು ಮುದ್ರೆ ಒತ್ತಿದ ರಾಜ್ಯವೇ ಆ ಹೆಣ್ಣುಮಗಳ ಬಾಯಿ ಕಟ್ಟಿತ್ತು. ವರ್ಜೀನಿಯಾದ ಮುದ್ರೆಯ ಬಗ್ಗೆ ಬರೆಯುವವರು ಲಿಡಿಯಾ ಅವರ ಹೆಸರನ್ನು ಬಿಟ್ಟು ಬರೆಯಬಾರದು.

ಮ್ಯಾಸಚೂಸೆಟ್ಸ್‌ನ ಮೊದಲ ಮುದ್ರೆಯ ಕತೆಯೂ ಇಂಥದೇ. 1629ರ ಆ ಮುದ್ರೆಯಲ್ಲಿ ಬಿಲ್ಲು ಬಾಣ ಹಿಡಿದ ಒಬ್ಬ ಮೂಲನಿವಾಸಿ ನಿಂತಿದ್ದಾನೆ. ಅವನ ಬಾಯಿಂದ ಹೊರಡುವ ಮಾತು, ‘ಇತ್ತ ಬಂದು ನಮಗೆ ನೆರವಾಗಿ’. ಬೈಬಲ್ಲಿನಲ್ಲಿ ಮಕೆದೋನ್ಯದವನೊಬ್ಬ ಪೌಲನ ಕನಸಿನಲ್ಲಿ ಬಂದು ಕರೆಯುವ ಮಾತದು. ಅಲ್ಲಿನ ಯಾವ ಮೂಲನಿವಾಸಿಯೂ ಆಡದ ಮಾತನ್ನು ಅವನ ಬಾಯಲ್ಲಿ ಹೊರಡಿಸಿ, ಅದನ್ನೇ ಆಹ್ವಾನಪತ್ರವೆಂದು ಹಿಡಿದು, ವಲಸಿಗರು ಅವನ ನೆಲಕ್ಕೆ ಬಂದರು. 1775ರಲ್ಲಿ ಬ್ರಿಟನ್ನಿನ ವಿರುದ್ಧ ಯುದ್ಧ ಹೂಡಿದಾಗ ಮಾತು ಬದಲಾಯಿತು: ಖಡ್ಗದಿಂದ ಅರಸುವುದು ಶಾಂತಿಯನ್ನೇ, ಆದರೆ ಸ್ವಾತಂತ್ರ್ಯದ ನೆರಳಲ್ಲಿ ಮಾತ್ರ. ಇದು ಆಲ್ಜರ್ನಾನ್ ಸಿಡ್ನಿ ಎಂಬ ಇಂಗ್ಲಿಷ್ ಗಣತಂತ್ರವಾದಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸಂದರ್ಶಕರ ಪುಸ್ತಕದಲ್ಲಿ ಬರೆದಿಟ್ಟ ಲ್ಯಾಟಿನ್ ಸಾಲು. ಸಿಡ್ನಿಯನ್ನು 1683ರಲ್ಲಿ ರಾಜದ್ರೋಹದ ಆರೋಪದ ಮೇಲೆ ಶಿರಚ್ಛೇದಕ್ಕೆ ಗುರಿಮಾಡಿದರು. ಕಾನೂನಿನ ಪ್ರಕಾರ ಇಬ್ಬರು ಸಾಕ್ಷಿ ಬೇಕಿತ್ತು, ಸಿಕ್ಕಿದ್ದು ಒಬ್ಬ. ಅವರದೇ ಅಪ್ರಕಟಿತ ಹಸ್ತಪ್ರತಿಯನ್ನು ಎರಡನೆಯ ಸಾಕ್ಷಿ ಎಂದು ನ್ಯಾಯಾಧೀಶ ಜೆಫ್ರೀಸ್ ಎಣಿಸಿದ. ಮ್ಯಾಸಚೂಸೆಟ್ಸ್‌ನ ಈಗಿನ ಮುದ್ರೆಯಲ್ಲಿ ಮೂಲನಿವಾಸಿಯೂ ಇದ್ದಾನೆ, ಅವನ ತಲೆಯ ಮೇಲೆ ಕತ್ತಿ ಹಿಡಿದ ಬಿಳಿಯ ತೋಳೂ ಇದೆ. ಮೂಲನಿವಾಸಿ ಸಮುದಾಯಗಳು ದಶಕಗಟ್ಟಲೆ ಇದನ್ನು ಪ್ರತಿಭಟಿಸಿದ ಮೇಲೆ, ಮುದ್ರೆ ಮತ್ತು ಧ್ಯೇಯವಾಕ್ಯ ಎರಡನ್ನೂ ಮರುಪರಿಶೀಲಿಸಲು 2021ರಲ್ಲಿ ಆಯೋಗ ರಚನೆಯಾಯಿತು. ತಡವಾಯಿತು, ಆದರೆ ಆದದ್ದು ಸರಿ.

ಇಲಿನಾಯ್ ರಾಜ್ಯದಲ್ಲಿ ಜಗಳ ನಡೆದದ್ದು ಪದಗಳ ಸರದಿಯ ಮೇಲೆ. ಅದರ ಧ್ಯೇಯವಾಕ್ಯ ‘ರಾಜ್ಯದ ಸಾರ್ವಭೌಮತ್ವ, ರಾಷ್ಟ್ರದ ಒಗ್ಗಟ್ಟು’. ಅಂತರ್ಯುದ್ಧದಲ್ಲಿ ಲಕ್ಷಾಂತರ ಜನ ಸತ್ತದ್ದು ರಾಜ್ಯ ದೊಡ್ಡದೋ ರಾಷ್ಟ್ರ ದೊಡ್ಡದೋ ಎಂಬ ಪ್ರಶ್ನೆಗೂ ಹೌದಲ್ಲವೆ? ಯುದ್ಧ ಮುಗಿದ ಮೇಲೆ, 1867ರಲ್ಲಿ, ರಾಜ್ಯದ ಕಾರ್ಯದರ್ಶಿ ಶ್ಯಾರನ್ ಟಿಂಡೇಲ್ ಹೊಸ ಮುದ್ರೆ ಮಾಡಿಸುವ ನೆಪದಲ್ಲಿ ರಾಷ್ಟ್ರವನ್ನು ಮುಂದಕ್ಕೂ ರಾಜ್ಯವನ್ನು ಹಿಂದಕ್ಕೂ ಹಾಕಲು ಹೊರಟರು. ಸೆನೆಟ್ ಅದನ್ನು ಪತ್ತೆಹಚ್ಚಿ, ಹಳೆಯ ಸರದಿಯೇ ಇರಬೇಕೆಂದು ಕಾನೂನು ಮಾಡಿತು. ಟಿಂಡೇಲ್ ಕಾನೂನನ್ನು ಮೀರಲಿಲ್ಲ. ಪದಗಳನ್ನು ಅದೇ ಸರದಿಯಲ್ಲಿಟ್ಟು, ಹದ್ದಿನ ಕೊಕ್ಕಿನಲ್ಲಿರುವ ಪಟ್ಟಿಯನ್ನು ತಿರುಚಿ, ‘ಸಾರ್ವಭೌಮತ್ವ’ ಎಂಬ ಪದ ತಲೆಕೆಳಗಾಗುವಂತೆ ಚಿತ್ರ ಬರೆಸಿದರು. 1868ರಲ್ಲಿ ಬಳಕೆಗೆ ಬಂದ ಆ ಮುದ್ರೆಯಲ್ಲಿ ಇವತ್ತಿಗೂ ಆ ಪದ ತಲೆಕೆಳಗಾಗಿಯೇ ಇದೆ.

ಇನ್ನು ನ್ಯೂ ಹ್ಯಾಂಪ್‌ಷೈರ್. ಅಮೆರಿಕದ ಧ್ಯೇಯವಾಕ್ಯಗಳಲ್ಲೆಲ್ಲ ಹೆಚ್ಚು ಹೆಸರಾದ ‘ಸ್ವತಂತ್ರವಾಗಿ ಬಾಳು, ಇಲ್ಲವೇ ಮಡಿ’ ಎಂಬುದು ಈ ಪುಟ್ಟ ರಾಜ್ಯದ್ದು. 1777ರ ಬೆನ್ನಿಂಗ್ಟನ್ ಕದನವನ್ನು ಗೆದ್ದ ಜನರಲ್ ಜಾನ್ ಸ್ಟಾರ್ಕ್ ಅವರನ್ನು 1809ರಲ್ಲಿ ಹಳೆಯ ಜೊತೆಗಾರರು ವಾರ್ಷಿಕೋತ್ಸವಕ್ಕೆ ಕರೆದರು. ಎಂಬತ್ತು ದಾಟಿದ, ಮೈಯಲ್ಲಿ ಶಕ್ತಿಯಿಲ್ಲದ ಮುದುಕನಿಗೆ ಹೋಗಲಾಗಲಿಲ್ಲ. ಬದಲಿಗೆ ಜುಲೈ 31ರಂದು ಒಂದು ಕಾಗದ ಬರೆದು, ನನ್ನ ಪರವಾಗಿ ಈ ಮಾತು ಹೇಳಿ ಬಟ್ಟಲೆತ್ತಿ ಎಂದರು. ಕೆಡುಕುಗಳಲ್ಲೆಲ್ಲ ಸಾವೇ ದೊಡ್ಡದೇನಲ್ಲ ಎಂಬ ಬಾಲವೂ ಆ ಮಾತಿಗಿತ್ತು. ಫ್ರೆಂಚ್ ಕ್ರಾಂತಿಯ ದಿನಗಳಲ್ಲಿ ಇದೇ ಅರ್ಥದ ಘೋಷಣೆ ಪ್ಯಾರಿಸ್ಸಿನಲ್ಲಿ ಮೊಳಗಿತ್ತು. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ರಾಜ್ಯ ಅದನ್ನು ತನ್ನದಾಗಿಸಿಕೊಂಡಿತು. 1970ರ ದಶಕದ ಆರಂಭದಲ್ಲಿ ಪ್ರತಿಯೊಂದು ಕಾರಿನ ನಂಬರ್ ಪ್ಲೇಟಿಗೂ ಆ ಮಾತು ಬಂತು. ಆ ಪ್ಲೇಟುಗಳನ್ನು ಒತ್ತುವವರು ರಾಜ್ಯದ ಸೆರೆಮನೆಯ ಕೈದಿಗಳು.

ಕ್ಲೇರ್ಮಾಂಟ್ ಎಂಬ ಊರಿನ ಜಾರ್ಜ್ ಮೇನಾರ್ಡ್ ಯೆಹೋವನ ಸಾಕ್ಷಿಗಳ ಪಂಥದವರು. ಜೀವ ದೇವರು ಕೊಟ್ಟದ್ದು, ರಾಜ್ಯಕ್ಕಾಗಿ ಅದನ್ನು ಬಿಡು ಎನ್ನುವ ಮಾತನ್ನು ಹೊತ್ತು ತಿರುಗಲಾರೆ ಎಂದು ಅವರು ತಮ್ಮ ಕಾರಿನ ಪ್ಲೇಟಿನ ಮೇಲೆ ಟೇಪು ಅಂಟಿಸಿ ಆ ಸಾಲನ್ನು ಮುಚ್ಚಿದರು. 1974ರ ಕೊನೆಯಲ್ಲಿ ಪೊಲೀಸರು ಹಿಡಿದರು. ದಂಡ ಬಿತ್ತು, ಮನಸ್ಸಾಕ್ಷಿ ಒಪ್ಪದು ಎಂದು ದಂಡ ಕಟ್ಟಲಿಲ್ಲ. ಮತ್ತೆ ಹಿಡಿದರು. ಕೊನೆಗೆ 15 ದಿನ ಜೈಲಿಗೆ ಹಾಕಿದರು. ‘ಸ್ವತಂತ್ರವಾಗಿ ಬಾಳು’ ಎಂಬ ಮಾತನ್ನು ಮುಚ್ಚಿದ್ದಕ್ಕೆ ಒಬ್ಬ ಮನುಷ್ಯನ ಸ್ವಾತಂತ್ರ್ಯವನ್ನು ಕಸಿದರು. ಮೇನಾರ್ಡ್ ದಂಪತಿ ಮೊಕದ್ದಮೆ ಹೂಡಿದರು. 1977ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಪರವಾಗಿ ನಿಂತಿತು. ಒಬ್ಬನ ಸ್ವಂತ ವಾಹನವನ್ನು ಸರ್ಕಾರ ತನ್ನ ಸಿದ್ಧಾಂತದ ಜಾಹೀರಾತು ಫಲಕವಾಗಿ ಮಾಡಿಕೊಳ್ಳುವಂತಿಲ್ಲ, ಮಾತಾಡುವ ಹಕ್ಕಿನೊಳಗೆ ಮಾತಾಡದಿರುವ ಹಕ್ಕೂ ಇದೆ ಎಂದು ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್ ಬರೆದರು. ಪ್ಲೇಟಿನ ಮೇಲಿನ ಮಾತನ್ನು ಕಾರಿನ ಒಡೆಯನ ಮಾತೆಂದು ಯಾರು ತಿಳಿಯುತ್ತಾರೆ ಎಂದು ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಭಿನ್ನಮತ ಬರೆದರು. ಆ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಆದರೂ ಜನರಲ್ ಸ್ಟಾರ್ಕ್ ಅವರ ಮಾತನ್ನು ಅಕ್ಷರಶಃ ಬದುಕಿದವರು, ಅದನ್ನು ಮುಚ್ಚಿ ಜೈಲಿಗೆ ಹೋದ ಈ ಮನುಷ್ಯನೇ ಎಂದು ನನಗನ್ನಿಸುತ್ತದೆ.

ಈ ತೀರ್ಪಿನ ಬೇರು 1943ರ ಇನ್ನೊಂದು ಅಮೆರಿಕನ್ ತೀರ್ಪಿನಲ್ಲಿದೆ. ಶಾಲಾ ಮಕ್ಕಳಿಂದ ಬಲವಂತವಾಗಿ ಧ್ವಜವಂದನೆ ಮಾಡಿಸುವಂತಿಲ್ಲ ಎಂಬುದು ಅದರ ಸಾರ. ಅದೇ ಬೇರಿನ ಒಂದು ಕವಲು ನಮ್ಮಲ್ಲೂ ಚಿಗುರಿದೆ. ಕೇರಳದಲ್ಲಿ ಮೇನಾರ್ಡ್ ಅವರದೇ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1985ರಲ್ಲಿ ಶಾಲೆಯಿಂದ ಹೊರಹಾಕಿದರು. ಮರುವರ್ಷ ನಮ್ಮ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಆ ಅಮೆರಿಕನ್ ತೀರ್ಪನ್ನೂ ಚರ್ಚಿಸಿ, ಗೌರವದಿಂದ ಎದ್ದು ನಿಂತ ಮೇಲೆ ಹಾಡಲೇಬೇಕೆಂದು ಬಲವಂತ ಮಾಡುವ ಕಾನೂನಿಲ್ಲ, ಮಕ್ಕಳನ್ನು ಮರಳಿ ಸೇರಿಸಿಕೊಳ್ಳಿ ಎಂದರು. ಮುಂದೆ ಕರ್ನಾಟಕದ ಮೂರನೆಯ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ 1990ರಲ್ಲಿ ವರದಿ ಕೊಟ್ಟ ಚಿನ್ನಪ್ಪ ರೆಡ್ಡಿಯವರು ಇವರೇ.

ನೆಬ್ರಾಸ್ಕಾದ ಮಾತು ‘ಕಾನೂನಿನ ಮುಂದೆ ಸಮಾನತೆ’. ಕೇಳಲು ಎಷ್ಟು ಸಹಜ! ಆದರೆ ಆ ರಾಜ್ಯ ತನ್ನ ಮೊದಲ ಸಂವಿಧಾನದಲ್ಲಿ ಮತದ ಹಕ್ಕನ್ನು ಬಿಳಿಯ ಗಂಡಸರಿಗೆ ಮಾತ್ರ ಇಟ್ಟುಕೊಂಡಿತ್ತು. ಬಣ್ಣದ ಕಾರಣಕ್ಕೆ ಮತ ನಿರಾಕರಿಸಿದರೆ ನಿಮ್ಮನ್ನು ಒಕ್ಕೂಟಕ್ಕೆ ಸೇರಿಸಿಕೊಳ್ಳುವುದಿಲ್ಲ ಎಂದು ಅಮೆರಿಕದ ಸಂಸತ್ತು, ಅಧ್ಯಕ್ಷ ಜಾನ್ಸನ್ನರ ನಿರಾಕರಣೆಯನ್ನೂ ಮೀರಿ, ಷರತ್ತು ಹಾಕಿತು. 1867ರಲ್ಲಿ ರಾಜ್ಯವಾದ ವರ್ಷವೇ ಈ ಧ್ಯೇಯವಾಕ್ಯವೂ ಬಂತು.

ಹನ್ನೆರಡು ವರ್ಷದ ನಂತರ ಅದೇ ನೆಬ್ರಾಸ್ಕಾದ ಒಮಾಹಾ ಊರಿನ ನ್ಯಾಯಾಲಯಕ್ಕೆ ಪೊಂಕಾ ಬುಡಕಟ್ಟಿನ ಮುಖ್ಯಸ್ಥ ಸ್ಟ್ಯಾಂಡಿಂಗ್ ಬೇರ್ ಬಂದು ನಿಂತರು. 1877ರಲ್ಲಿ ಸೈನ್ಯ ಅವರ ಜನರನ್ನು ನಯೋಬ್ರರಾ ನದಿಯ ದಂಡೆಯಿಂದ ಎಬ್ಬಿಸಿ ದೂರದ ಇಂಡಿಯನ್ ಟೆರಿಟರಿಗೆ ಅಟ್ಟಿತ್ತು. ಅಲ್ಲಿ ಕಾಯಿಲೆಗೆ ಹಲವರು ಸತ್ತರು. ಅವರ ಮಗನೂ ಸತ್ತ. ತನ್ನನ್ನು ಹುಟ್ಟಿದ ಮಣ್ಣಲ್ಲೇ ಹೂಳಬೇಕೆಂಬುದು ಅವನ ಕೊನೆಯಾಸೆ. ಮಗನ ಅಸ್ಥಿಯನ್ನು ಹೊತ್ತು, ಸುಮಾರು 30 ಮಂದಿಯೊಂದಿಗೆ, 1879ರ ಜನವರಿಯ ಕೊರೆವ ಚಳಿಯಲ್ಲಿ ತಂದೆ ಹೊರಟರು. ಊರು ತಲಪುವ ಮೊದಲೇ ಬಂಧನವಾಯಿತು. ಇಬ್ಬರು ವಕೀಲರು ಅವರ ಪರವಾಗಿ ಬಂದರು. ಇಂಡಿಯನ್, ಅಂದರೆ ಅಮೆರಿಕದ ಮೂಲನಿವಾಸಿ, ಕಾನೂನಿನ ಕಣ್ಣಲ್ಲಿ ‘ವ್ಯಕ್ತಿ’ಯೇ ಅಲ್ಲ, ಅವನಿಗೆ ಕೋರ್ಟಿಗೆ ಬರುವ ಹಕ್ಕೇ ಇಲ್ಲ ಎಂದು ಸರ್ಕಾರ ವಾದಿಸಿತು. ಮೇ 12ರಂದು ನ್ಯಾಯಾಧೀಶ ಎಲ್ಮರ್ ಡಂಡಿ, ಇಂಡಿಯನ್ನನೂ ವ್ಯಕ್ತಿಯೇ ಎಂದು ತೀರ್ಪಿತ್ತು ಬಿಡುಗಡೆ ಮಾಡಿದರು. ಹನ್ನೆರಡು ವರ್ಷ ಕಾಗದದ ಮೇಲಿದ್ದ ಮಾತಿಗೆ ಅಂದು ಒಂದಿಷ್ಟು ಜೀವ ಬಂತು, ಅದೂ ರಾಜ್ಯದಿಂದಲ್ಲ, ಮಗನನ್ನು ಮಣ್ಣು ಮಾಡಲು ಹೊರಟ ಒಬ್ಬ ತಂದೆಯಿಂದ. 2019ರಿಂದ ಅಮೆರಿಕದ ಸಂಸತ್ ಭವನದಲ್ಲಿ ನೆಬ್ರಾಸ್ಕಾದ ಪರವಾಗಿ ಸ್ಟ್ಯಾಂಡಿಂಗ್ ಬೇರ್ ಅವರ ಪ್ರತಿಮೆ ನಿಂತಿದೆ.

ಭಾರತದ ಓದುಗರು ಅವಶ್ಯವಾಗಿ ತಿಳಿಯಬೇಕಾದ ಕತೆ ಅಲಬಾಮಾದ್ದು. ಅಂತರ್ಯುದ್ಧದ ನಂತರ 1868ರಲ್ಲಿ ಬಂದ ಸರ್ಕಾರ ‘ಇಲ್ಲಿ ನಾವು ವಿರಮಿಸುತ್ತೇವೆ’ ಎಂಬ ಮಾತನ್ನು ಮುದ್ರೆಗೆ ಹಾಕಿತ್ತು. ಸೋತ ಬಿಳಿಯರಿಗೆ ಆ ಸರ್ಕಾರದ ಗುರುತೇ ಬೇಡವಾಗಿತ್ತು. ರಾಜ್ಯದ ದಾಖಲೆ ಮತ್ತು ಇತಿಹಾಸ ಇಲಾಖೆಯ ನಿರ್ದೇಶಕಿ ಮೇರಿ ಬ್ಯಾಂಕ್‌ಹೆಡ್ ಓವನ್ ಹೊಸ ಮಾತೊಂದನ್ನು ಹುಡುಕಿದರು. 1939ರಲ್ಲಿ ಅದು ಕಾನೂನಾಯಿತು. ‘ಔಡೇಮಸ್ ಯೂರಾ ನೊಸ್ಟ್ರಾ ಡಿಫೆಂಡೆರೆ’, ನಮ್ಮ ಹಕ್ಕುಗಳನ್ನು ಕಾಯುವ ಕೆಚ್ಚು ನಮಗಿದೆ. ಇದಕ್ಕೆ ಸ್ಫೂರ್ತಿ 1781ರ ಒಂದು ಇಂಗ್ಲಿಷ್ ಕವಿತೆ. ರಾಜ್ಯವೆಂದರೆ ಕೋಟೆ ಕೊತ್ತಲವಲ್ಲ, ತಮ್ಮ ಕರ್ತವ್ಯವನ್ನೂ ಹಕ್ಕನ್ನೂ ಅರಿತು ಅದನ್ನು ಕಾಯಬಲ್ಲ ಜನ ಎಂಬುದು ಅದರ ಭಾವ. ಬರೆದವರು ಸರ್ ವಿಲಿಯಂ ಜೋನ್ಸ್! ಎರಡು ವರ್ಷದ ನಂತರ ಕಲ್ಕತ್ತೆಗೆ ನ್ಯಾಯಾಧೀಶರಾಗಿ ಬಂದು, 1784ರಲ್ಲಿ ಏಷಿಯಾಟಿಕ್ ಸೊಸೈಟಿ ಕಟ್ಟಿ, ಕಾಳಿದಾಸನ ಶಾಕುಂತಲವನ್ನು ಇಂಗ್ಲಿಷಿಗೆ ತಂದು, ಸಂಸ್ಕೃತ ಗ್ರೀಕ್ ಲ್ಯಾಟಿನ್ ಒಂದೇ ಬಳ್ಳಿಯವು ಎಂದು ಲೋಕಕ್ಕೆ ಸಾರಿದ ಅದೇ ಜೋನ್ಸ್. ಹಕ್ಕುಗಳ ಕವಿತೆ ಬರೆದ ಅದೇ ಕೈ, ಕಂಪನಿಯ ಆಳ್ವಿಕೆಗೆ ನೆರವಾಗಲೆಂದು ಮನುಸ್ಮೃತಿಯನ್ನೂ ಅನುವಾದಿಸಿತು. ದೊಡ್ಡವರ ಬದುಕಿನಲ್ಲಿ ಇಂಥ ಎರಡು ದಡಗಳಿರುತ್ತವೆ, ಎರಡನ್ನೂ ಹೇಳಬೇಕು.

ಓವನ್ ಅವರೂ ಹಾಗೆಯೇ. ಹಕ್ಕುಗಳ ಮಾತನ್ನು ಹುಡುಕಿ ತಂದ ಈ ಹೆಣ್ಣುಮಗಳು, ಹೆಂಗಸರಿಗೆ ಮತದ ಹಕ್ಕು ಬೇಡವೆಂದು ಅಲಬಾಮಾದಲ್ಲಿ ಮುಂದಾಳಾಗಿ ಹೋರಾಡಿದ್ದವರು. 1901ರ ಸಂವಿಧಾನದ ಮೂಲಕ ಆ ರಾಜ್ಯ ಕರಿಯರ ಮತವನ್ನೂ ಕಿತ್ತುಕೊಂಡಿತ್ತು. ಹಾಗಾದರೆ 1939ರ ಧ್ಯೇಯವಾಕ್ಯದಲ್ಲಿ ‘ನಾವು’ ಎಂದರೆ ಯಾರು ಎಂಬುದು ಆಗ ಎಲ್ಲರಿಗೂ ಗೊತ್ತಿತ್ತು. ಅದನ್ನು ಬದಲಿಸಿದ್ದು ಮುಂದಿನ ಇಪ್ಪತ್ತೈದು ವರ್ಷ. 1955ರ ಡಿಸೆಂಬರ್ 1ರಂದು ಅಲಬಾಮಾದ ರಾಜಧಾನಿ ಮಾಂಟ್ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಬಸ್ಸಿನ ಸೀಟು ಬಿಟ್ಟು ಏಳಲಿಲ್ಲ. ಊರಿನ ಕಪ್ಪು ಜನ 381 ದಿನ ಬಸ್ಸು ಹತ್ತದೆ ನಡೆದರು. 1965ರ ಮಾರ್ಚ್ 7ರಂದು ಸೆಲ್ಮಾದ ಸೇತುವೆಯ ಮೇಲೆ ಮತದ ಹಕ್ಕು ಕೇಳಿ ಹೊರಟ ಸುಮಾರು 600 ಜನರನ್ನು ಅದೇ ರಾಜ್ಯದ ಪೊಲೀಸರು ಲಾಠಿಯಿಂದ ಬಡಿದು ಕೆಡವಿದರು. ಅದೇ ವರ್ಷದ ಆಗಸ್ಟಿನಲ್ಲಿ ಮತದಾನ ಹಕ್ಕುಗಳ ಕಾಯ್ದೆ ಬಂತು. ನಮ್ಮ ಹಕ್ಕುಗಳನ್ನು ಕಾಯುವ ಕೆಚ್ಚು ನಮಗಿದೆ ಎಂಬ ಮಾತಿಗೆ ಅಲಬಾಮಾದಲ್ಲಿ ನಿಜವಾದ ವಾರಸುದಾರರು ಆ ಸೇತುವೆಯ ಮೇಲೆ ಬಿದ್ದವರು. ಜೋನ್ಸ್ ಬಯಸಿದ ‘ರಾಜ್ಯ’ ಅವರೇ.

ಹವಾಯಿಯ ಧ್ಯೇಯವಾಕ್ಯದಷ್ಟು ನೋವು ತುಂಬಿದ ಮಾತು ಬೇರೆ ಯಾವ ರಾಜ್ಯಕ್ಕೂ ಇಲ್ಲ. 1843ರ ಫೆಬ್ರುವರಿಯಲ್ಲಿ ಲಾರ್ಡ್ ಜಾರ್ಜ್ ಪಾಲೆಟ್ ಎಂಬ ಬ್ರಿಟಿಷ್ ಹಡಗಿನ ಕ್ಯಾಪ್ಟನ್, ಮೇಲಿನವರನ್ನು ಕೇಳದೆಯೇ, ಸ್ವತಂತ್ರ ಹವಾಯಿ ರಾಜ್ಯವನ್ನು ವಶಪಡಿಸಿಕೊಂಡ. ಐದು ತಿಂಗಳ ಮೇಲೆ ಅಡ್ಮಿರಲ್ ರಿಚರ್ಡ್ ಥಾಮಸ್ ಬಂದು, ಇದು ತಪ್ಪು ಎಂದು ಬ್ರಿಟಿಷ್ ಬಾವುಟ ಇಳಿಸಿ ಹವಾಯಿಯ ಬಾವುಟ ಏರಿಸಿದರು. ಜುಲೈ 31ರ ಆ ದಿನ ರಾಜ ಮೂರನೆಯ ಕಮೆಹಮೆಹ ಜನರೆದುರು ನಿಂತು ಹೇಳಿದ ಮಾತು, ‘ಉವಾ ಮಾವು ಕೆ ಏಯಾ ಓ ಕಾ ಆಯಿನಾ ಈ ಕಾ ಪೊನೊ’. ನಾಡಿನ ‘ಏಯಾ’ ಧರ್ಮದಲ್ಲಿ ನಿಂತು ಉಳಿದಿದೆ. ಏಯಾ ಎಂದರೆ ಉಸಿರು, ಬದುಕು. ಸ್ವಾತಂತ್ರ್ಯ, ಸಾರ್ವಭೌಮತ್ವ ಎಂದೂ ಹೌದು. ಕಳೆದುಕೊಂಡ ರಾಜ್ಯ ಮರಳಿ ಸಿಕ್ಕ ದಿನ ಆ ರಾಜ ಯಾವ ಅರ್ಥದಲ್ಲಿ ಹೇಳಿದ ಎಂಬುದಕ್ಕೆ ಸಂಶಯ ಬೇಕಿಲ್ಲ. 1893ರಲ್ಲಿ ಅಮೆರಿಕನ್ ತೋಟದ ಮಾಲೀಕರು ಮತ್ತು ವ್ಯಾಪಾರಿಗಳು, ಅಮೆರಿಕದ ನೌಕಾಸೈನಿಕರ ಬೆಂಬಲದಿಂದ, ರಾಣಿ ಲಿಲಿಯುಒಕಲಾನಿಯನ್ನು ಇಳಿಸಿದರು. 1898ರಲ್ಲಿ ದ್ವೀಪಗಳು ಅಮೆರಿಕಕ್ಕೆ ಸೇರಿದವು. 1959ರಲ್ಲಿ ರಾಜ್ಯವಾದಾಗ ರಾಜನ ಮಾತನ್ನೇ ಧ್ಯೇಯವಾಕ್ಯ ಮಾಡಿದರು; ಅಧಿಕೃತ ಇಂಗ್ಲಿಷ್ ರೂಪದಲ್ಲಿ ಏಯಾ ಬರೀ ‘ಬದುಕು’ ಆಯಿತು. ಕಸಿದವರೇ ಕಸಿದ ನಾಡಿನ ಮಾತನ್ನು ತಮ್ಮ ಮುದ್ರೆಗೆ ಹಾಕಿಕೊಂಡರು. ಆದರೆ ಹವಾಯಿ ಜನ ಜುಲೈ 31ನ್ನು ಮರೆತಿಲ್ಲ. ಈಗಲೂ ಹೊನೊಲುಲುವಿನ ಥಾಮಸ್ ಚೌಕದಲ್ಲಿ ಸೇರಿ ಆ ದಿನ ಆಚರಿಸುತ್ತಾರೆ. ಹಿಂದಿನ ತಪ್ಪಿಗೆ ಕ್ಷಮೆ ಕೇಳುವ ನಿರ್ಣಯಕ್ಕೆ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ್ದು 1993ರಲ್ಲಿ.

ಮಾತುಗಳು ಬದಲಾಗುತ್ತಲೂ ಇವೆ. ಮೇರಿಲ್ಯಾಂಡ್‌ನ ಇಟಾಲಿಯನ್ ಧ್ಯೇಯವಾಕ್ಯ ಅದನ್ನು ಸ್ಥಾಪಿಸಿದ ಕ್ಯಾಲ್ವರ್ಟ್ ಮನೆತನದ್ದು. ‘ಗಂಡಸಿನ ಕೃತಿ, ಹೆಂಗಸಿನ ಮಾತು’ ಎಂಬುದು ಅದರ ನೇರ ಅರ್ಥ. 2017ರಲ್ಲಿ ಮೂಲವನ್ನು ಹಾಗೆಯೇ ಇಟ್ಟು, ‘ಗಟ್ಟಿ ಕೃತಿ, ಮೆದು ಮಾತು’ ಎಂದು ಅಧಿಕೃತ ಅರ್ಥವನ್ನು ತಿದ್ದಿದರು. ಮಿನ್ನೆಸೋಟಾದ ಹಳೆಯ ಮುದ್ರೆಯಲ್ಲಿ ಬಿಳಿಯ ರೈತ ನೇಗಿಲು ಹಿಡಿದಿದ್ದರೆ ಮೂಲನಿವಾಸಿ ಕುದುರೆಯೇರಿ ದೂರ ಹೋಗುತ್ತಿದ್ದ. 2024ರಲ್ಲಿ ಬಂದ ಹೊಸ ಮುದ್ರೆಯಲ್ಲಿ ಇಬ್ಬರೂ ಇಲ್ಲ. ರಾಜ್ಯದ ಹೆಸರಿನ ಮೂಲವಾದ ಡಕೋಟಾ ಭಾಷೆಯ ಪದಗಳಿವೆ.

ನಮ್ಮಲ್ಲಿಯೂ ಇಂಥ ಮಾತುಗಳಿಗೆ ಬರವಿಲ್ಲ. ಮೈಸೂರು ಅರಮನೆಯ ಪೂರ್ವದ ಹೆಬ್ಬಾಗಿಲಿನ ಕಮಾನಿನ ಮೇಲೆ ‘ನ ಬಿಭೇತಿ ಕದಾಚನ’ ಎಂದಿದೆ. ಎಂದಿಗೂ ಅಂಜುವುದಿಲ್ಲ ಎಂಬ ತೈತ್ತಿರೀಯ ಉಪನಿಷತ್ತಿನ ನುಡಿ. ದಸರೆಯಲ್ಲಿ ಅದರ ಕೆಳಗೆ ಲಕ್ಷಾಂತರ ಜನ ಹಾದು ಹೋಗುತ್ತಾರೆ. ಕರ್ನಾಟಕದ ಲಾಂಛನದಲ್ಲಿ ಗಂಡಭೇರುಂಡದ ಜೊತೆಗೆ ಮುಂಡಕೋಪನಿಷತ್ತಿನ ‘ಸತ್ಯಮೇವ ಜಯತೇ’ ಇದೆ. ಶಾಲೆಯಲ್ಲಿ ಮಕ್ಕಳಿಗೆ ರಾಜ್ಯದ ಪಕ್ಷಿ ನೀಲಕಂಠ, ರಾಜ್ಯದ ಮರ ಶ್ರೀಗಂಧ ಎಂದು ಬಾಯಿಪಾಠ ಮಾಡಿಸುತ್ತೇವೆ. ಲಾಂಛನದ ಮಾತಿನ ಅರ್ಥವನ್ನೂ ಅದರ ಹೊಣೆಯನ್ನೂ ಹೇಳಿಕೊಡುವುದಿಲ್ಲ. ಮೇಷ್ಟ್ರುಗಳೇ, ಒಂದು ತರಗತಿಯನ್ನು ಅದಕ್ಕೆ ಕೊಡಿ. ಅಮೆರಿಕದಲ್ಲಿ ಕನ್ನಡ ಶಾಲೆ ನಡೆಸುವವರು, ಮಕ್ಕಳು ದಿನವೂ ನೋಡುವ ನಂಬರ್ ಪ್ಲೇಟಿನ ಹಿಂದಿರುವ ರೋಸಾ ಪಾರ್ಕ್ಸ್, ಸ್ಟ್ಯಾಂಡಿಂಗ್ ಬೇರ್, ಲಿಡಿಯಾ ಅವರ ಕತೆಗಳನ್ನು ಕನ್ನಡದಲ್ಲಿ ಹೇಳಿ.

ಇಲ್ಲಿರುವವರಿಗೆ ಇನ್ನೂ ಒಂದು ಮಾತು. ಸತ್ಯಮೇವ ಜಯತೇ ಎಂದು ಅಚ್ಚಾದ ಸರ್ಕಾರಿ ಕಾಗದದಲ್ಲಿ ಸುಳ್ಳು ಉತ್ತರ ಬಂದರೆ ಸುಮ್ಮನಾಗಬೇಡಿ, ಆ ಮಾತಿನ ಲೆಕ್ಕ ಕೇಳಿ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಜಾರಿಯಲ್ಲಿದೆ. ಅರ್ಜಿಗೆ 10 ರೂಪಾಯಿ ಶುಲ್ಕ, ಉತ್ತರ ಕೊಡಲು ಅಧಿಕಾರಿಗೆ 30 ದಿನಗಳ ಗಡುವು.